ಗೊಬ್ಬರ ಹೊತ್ತವಳ ಗಾಯ ಯಾವ ರಿಜಿಸ್ಟರಿನಲ್ಲಿದೆ?

ನಮ್ಮ ಹಂದನಕೆರೆ ಕಡೆ ತೆಂಗಿನ ತೋಟಕ್ಕೆ ಕೋಳಿ ಗೊಬ್ಬರ ಹಾಕಿಸೋದು ಹೊಸದೇನಲ್ಲ. ಫಾರಂನಿಂದ ಲಾರಿ ಬರುತ್ತೆ, ತೋಟದ ಬದಿಗೆ ಸುರಿದು ಹೋಗುತ್ತೆ. ಅದನ್ನ ಮಂಕರಿಯಲ್ಲಿ ಹೊತ್ತು ಮರಮರದ ಬುಡಕ್ಕೆ ಹಾಕೋರು ನಮ್ಮ ಕೇರಿ ಹೆಂಗಸರು. ಕೈಗೆ ಗ್ಲೌಸಿಲ್ಲ, ಕಾಲಿಗೆ ಬೂಟಿಲ್ಲ, ಮೂಗಿಗೆ ಸೆರಗು.

ಹೋದ ವರ್ಷ ಗೊಬ್ಬರ ಎಳೆಯುವಾಗ ನಮ್ಮ ಚಿಕ್ಕವ್ವನ ಕಾಲಿಗೆ ಗುದ್ದಲಿ ತಾಗಿತು. "ಅರಿಸಿನ ಹಚ್ಚಿದೀನಿ, ವಾಸಿ ಆಯ್ತದೆ ಬುಡಪ್ಪ" ಅಂದಳು. ಆಗಲಿಲ್ಲ. ಮೆಡಿಕಲ್ ಸ್ಟೋರಿನ ಮಾತ್ರೆ ಆಯ್ತು, ಕ್ಲಿನಿಕ್ಕಿನ ಇಂಜೆಕ್ಷನ್ ಆಯ್ತು, ಕಾಲು ಬಾತುಕೊಂಡೇ ಇತ್ತು. ತಿಂಗಳಾದ ಮೇಲೆ ತುಮಕೂರಿಗೆ ಕರಕೊಂಡು ಹೋದೆ. ಕೀವು ತೆಗೆದು ಕಲ್ಚರ್ ಟೆಸ್ಟಿಗೆ ಕಳಿಸಿದರು. ರಿಪೋರ್ಟಿನಲ್ಲಿ ಔಷಧಿಗಳ ಉದ್ದ ಪಟ್ಟಿ, ಒಂದೊಂದರ ಎದುರಿಗೂ 'ಆರ್', 'ಆರ್', 'ಆರ್'. ರೆಸಿಸ್ಟೆಂಟ್ ಅಂತ. ಅಂದ್ರೆ ಈ ಕ್ರಿಮಿ ಆ ಔಷಧಿಗೆ ಬಗ್ಗಲ್ಲ. ಬಗ್ಗೋ ಇಂಜೆಕ್ಷನ್ನಿಗೆ ಎರಡು ಮೇಕೆ ಮಾರಿದ್ವಿ. ಕಾಲು ಉಳೀತು.

ಆ ಕ್ರಿಮಿ ಕೋಳಿ ಗೊಬ್ಬರದಿಂದಲೇ ಬಂತು ಅಂತ ನಾನು ಹೇಳ್ತಿಲ್ಲ. ಹೇಳಬೇಕಾದರೆ ಆ ಗೊಬ್ಬರದ ಪರೀಕ್ಷೆ ಆಗಬೇಕಿತ್ತು. ಯಾರೂ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ಆಂಟಿಬಯಾಟಿಕ್ ಬಿದ್ದಾಗ ತಡೆಯಲಾರದ ಕ್ರಿಮಿ ಸಾಯುತ್ತೆ, ತಡೆದದ್ದು ಉಳಿದು ಹೆಚ್ಚುತ್ತೆ. ತನ್ನ ಆ ಶಕ್ತಿಯನ್ನ ಪಕ್ಕದ ಬೇರೆ ಜಾತಿ ಕ್ರಿಮಿಗೂ ದಾಟಿಸುತ್ತೆ. ಮುಟ್ಟುಚಟ್ಟು ಅವಕ್ಕಿಲ್ಲ. ಇನ್ನು ಫಾರಂ ಕೋಳಿಗೆ ಈ ಔಷಧಿ ರೋಗ ಬಂದಾಗ ಮಾತ್ರ ಕೊಡೋದಲ್ಲ. ರೋಗ ಬರದಿರಲಿ, ಬೇಗ ತೂಕ ಬರಲಿ ಅಂತ ಮೇವಿಗೂ ನೀರಿಗೂ ಬೆರೆಸೋ ಪದ್ಧತಿ ಬೆಳೆದುಬಂದಿದೆ. 2014ರಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ದೆಹಲಿ ಸುತ್ತಮುತ್ತ 70 ಕೋಳಿ ಮಾದರಿ ಪರೀಕ್ಷಿಸಿದಾಗ ಶೇ. 40ರಲ್ಲಿ ಔಷಧಿಯ ಉಳಿಕೆ ಸಿಕ್ಕಿತ್ತು. ಬೇರೇನೂ ನಾಟದಾಗ ಮನುಷ್ಯರಿಗೆ ಕೊಡೋ ಕೊನೆಯ ಔಷಧಿಗಳಲ್ಲಿ ಕೊಲಿಸ್ಟಿನ್ ಒಂದು. ಅದಕ್ಕೂ ಬಗ್ಗದ, ಕ್ರಿಮಿಯಿಂದ ಕ್ರಿಮಿಗೆ ದಾಟುವ ವಂಶವಾಹಿ ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಇದೆ ಅಂತ 2015ರಲ್ಲಿ ವರದಿಯಾಯ್ತು. ನಮ್ಮ ಸರ್ಕಾರ ಪ್ರಾಣಿ ಸಾಕಣೆಯಲ್ಲಿ ಕೊಲಿಸ್ಟಿನ್ ನಿಷೇಧಿಸಿದ್ದು 2019ರ ಜುಲೈನಲ್ಲಿ. ಅದೇ ಒಂದು ವರ್ಷದಲ್ಲಿ ಔಷಧಿಗೆ ಬಗ್ಗದ ಕ್ರಿಮಿಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು.

ಒಂದು ಮಾತ್ರೆಯನ್ನೂ ನುಂಗದ ಕಾಡುಪ್ರಾಣಿಗಳಲ್ಲೂ ಇಂಥ ಕ್ರಿಮಿ ಸಿಕ್ಕಿವೆ, ಉತ್ತರ ಧ್ರುವದ ಕಡೆಯ ಹಕ್ಕಿಗಳಲ್ಲೂ. ಸತ್ತ ಫಾರಂ ಕೋಳಿಯನ್ನ ಹಳ್ಳಕ್ಕೆ ಎಸೆದರೆ ನಾಯಿ, ನರಿ, ಹದ್ದು ತಿನ್ನದೇ ಬಿಡ್ತಾವಾ? ತೋಟದಲ್ಲಿ ಹರಡಿದ ಗೊಬ್ಬರವನ್ನ ನವಿಲು ಕೆದಕುತ್ತೆ. ದನಕ್ಕೆ ಚುಚ್ಚಿದ್ದು ದನದಲ್ಲೇ ಮುಗಿಯಲ್ಲ ಅನ್ನೋದನ್ನ ಡೈಕ್ಲೋಫೆನಾಕ್ ಕಾಲದಲ್ಲೇ ಕಂಡಿದ್ದೀವಿ. ಅದು ನೋವಿನ ಔಷಧಿ, ಆಂಟಿಬಯಾಟಿಕ್ ಅಲ್ಲ. ಆದರೂ ಆ ದನದ ಹೆಣ ತಿಂದ ರಣಹದ್ದುಗಳು ದೇಶದಲ್ಲೆಲ್ಲ ಸತ್ತು, 2006ರಲ್ಲಿ ದನಗಳಿಗೆ ಅದನ್ನ ನಿಷೇಧಿಸಬೇಕಾಯ್ತು. ಊರಿನ ಸತ್ತ ದನ ಎತ್ತುತ್ತಿದ್ದವರು ಇಬ್ಬರೇ: ರಣಹದ್ದು ಮತ್ತು ನಾವು. ಹದ್ದು ಸತ್ತಿದ್ದನ್ನಾದರೂ ಎಣಿಸಿದರು.

ಇದನ್ನ ಓದಿ "ನೋಡಿದ್ರಾ, ಅದಕ್ಕೇ ಮಾಂಸ ಬಿಡಿ ಅನ್ನೋದು" ಅಂತ ಬರೋರಿಗೆ ಈಗಲೇ ಹೇಳಿಬಿಡ್ತೀನಿ. ಕೆಚ್ಚಲು ಬಾವು ಬಂದ ಹಸುವಿಗೂ ಇದೇ ಜಾತಿ ಇಂಜೆಕ್ಷನ್. ಆ ಔಷಧಿಗೆ ಹೇಳಿರೋ ಅಷ್ಟು ದಿನ ಹಾಲು ಡೇರಿಗೆ ಹಾಕಬಾರದು. ಎಷ್ಟು ಮನೆಯಲ್ಲಿ ಚೆಲ್ತಾರೆ? ಚೆನ್ನಾಗಿ ಬೆಂದ ಸಾರಿನಲ್ಲಿ ಕ್ರಿಮಿ ಬದುಕಲ್ಲ. ಅಪಾಯ ಹೆಚ್ಚಿರೋದು ಶೆಡ್ ಗುಡಿಸೋರಿಗೆ, ಕೋಳಿ ಕೊಯ್ಯೋರಿಗೆ, ಗೊಬ್ಬರ ಹೊರೋರಿಗೆ. ನಮ್ಮ ತಟ್ಟೆ ಬಿಟ್ಟು ಅವರ ಕೈ ನೋಡಿ.

ನಾನು ಗುಮಾಸ್ತ. ರಿಜಿಸ್ಟರಿನಲ್ಲಿ ಎಂಟ್ರಿ ಇಲ್ಲದ್ದು ನಡೆದೇ ಇಲ್ಲ ಅನ್ನೋ ಜಗತ್ತಿನಲ್ಲಿ ಸಂಬಳ ತಗೊಳ್ಳೋನು. ಮನುಷ್ಯರಿಗೆ ಕೊಡೋ ಹಲವು ಆಂಟಿಬಯಾಟಿಕ್‌ಗಳಿಗೆ 2014ರಿಂದ ಎಚ್-1 ರಿಜಿಸ್ಟರ್ ಇದೆ. ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಅಂಗಡಿಯವರು ಮೂರು ವರ್ಷ ಇಡಬೇಕು. ನಮ್ಮೂರ ಶೆಡ್ಡಿಗೆ ಹೋದ ಔಷಧಿಯ ಲೆಕ್ಕವನ್ನ ಆ ಶೆಡ್ ಗುಡಿಸೋಳಿಗೆ ಯಾರು ತೋರಿಸ್ತಾರೆ? ಸಾಲ ಮಾಡಿ ಶೆಡ್ ಕಟ್ಟಿದ ಸಣ್ಣ ರೈತನ ಮೇಲೆ ನನಗೆ ಸಿಟ್ಟಿಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಎಲ್ಲಾ ಕಂಪನಿಯದೇ. ಲೆಕ್ಕವನ್ನೂ ಕಂಪನಿಯೇ ಕೊಡಲಿ.

ಗೆಳೆಯರೇ, ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಮಾತು ಕೇಳೋಣ. ಶೆಡ್ಡಿಗೆ ಬಂದ ಔಷಧಿಯ ಲೆಕ್ಕ ಪಂಚಾಯ್ತಿಗೆ ಕೊಡಬೇಕು. ಕೋಳಿ ಗೊಬ್ಬರವನ್ನ ಚೆನ್ನಾಗಿ ಕಳಿಸದೆ ತೋಟಕ್ಕೆ ಹಾಕಬಾರದು. ಕೂಲಿಯ ಜೊತೆ ಗ್ಲೌಸು, ಬೂಟು ಕೊಡಬೇಕು. ವಾಸಿಯಾಗದ ಗಾಯಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಕಲ್ಚರ್ ಟೆಸ್ಟ್ ಆಗಬೇಕು. ನಾವೂ ಅಷ್ಟೇ, ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗೋದು, ಡಾಕ್ಟರ್ ಬರೆದ ಕೋರ್ಸನ್ನ ಅರ್ಧಕ್ಕೇ ಬಿಡೋದು ನಿಲ್ಲಿಸೋಣ.

ಕೇಳಿ ಸುಮ್ಮನೆ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ಚಿಕ್ಕವ್ವ ಈ ವಾರ ಮತ್ತೆ ಗೊಬ್ಬರ ಹೊರೋಕೆ ಹೋಗಿದಾಳೆ.

ಜೈ ಭೀಮ್.