ಸ್ಕ್ಯಾನ್‌ನೊಳಗಿನ ಅಲ್ಪವಿರಾಮ

ಶನಿವಾರದ ವಿಡಿಯೊ ಕಾಲ್ ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ನನ್ನ ಆರು ವರ್ಷದ ಮಗಳು ಹಾಸನದಲ್ಲಿರುವ ತಾತನಿಗೆ ಕಾಗುಣಿತ ಒಪ್ಪಿಸುತ್ತಾಳೆ, ಅವರು ಶಭಾಷ್ ಅನ್ನುತ್ತಾರೆ, ಅಷ್ಟರಲ್ಲಿ ಅಜ್ಜಿ ಫೋನ್ ಕಸಿದುಕೊಳ್ಳುತ್ತಾರೆ. ಹೋದ ವರ್ಷ ಒಂದು ದಿನ ಫೋನ್ ಇಟ್ಟ ಮೇಲೆ ಅವಳು ಕೇಳಿದಳು: "ಅಮ್ಮಾ, ತಾತಂಗೆ ನನ್ಮೇಲೆ ಕೋಪಾನಾ? ನಗೋದೇ ಇಲ್ಲ." ವಯಸ್ಸಾಯ್ತಲ್ಲ ಪುಟ್ಟಿ, ಸುಸ್ತಾಗಿರುತ್ತೆ ಅಂದುಬಿಟ್ಟೆ. ಮಿದುಳಿನ ಚಿತ್ರಗಳ ಮೇಲೆ ಪಿಎಚ್.ಡಿ. ಮಾಡಿ, ದಿನವಿಡೀ ಅವನ್ನೇ ನೋಡುತ್ತ ಕೂರುವವಳು ನಾನು! (ವೈದ್ಯೆ ಅಲ್ಲ, ಸಂಶೋಧಕಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.)

ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಕಣ್ಣಿಗೆ ಬಿತ್ತು. ತೊಡೆಯ ಮೇಲೆ ಸುಮ್ಮನೆ ಇಟ್ಟ ಅಪ್ಪನ ಬಲಗೈ ನಡುಗುತ್ತಿತ್ತು; ಕಾಫಿ ಲೋಟ ಎತ್ತಿಕೊಂಡರೆ ನಡುಕ ನಿಲ್ಲುತ್ತಿತ್ತು. ಅಂಗಡಿ ಚೀಟಿಯಲ್ಲಿ 'ತೊಗರಿಬೇಳೆ' ದೊಡ್ಡದಾಗಿ ಶುರುವಾಗಿ, ಕೊನೆಯ 'ಕೊತ್ತಂಬರಿ' ಇರುವೆ ಸಾಲಿನಂತಾಗಿತ್ತು. ಬೆಂಗಳೂರಿನ ನರರೋಗ ತಜ್ಞರು ಅಪ್ಪನನ್ನು ನಡೆಸಿ ನೋಡಿದರು, ಬೆರಳು ತಟ್ಟಿಸಿದರು, ಒಂದು ಸಾಲು ಬರೆಸಿದರು. ಪಾರ್ಕಿನ್ಸನ್ ಇರಬಹುದು ಅಂದರು. ಆದರೆ ಎಂಆರ್‌ಐ ವರದಿ 'ನಾರ್ಮಲ್' ಎಂದು ಬಂತು. ಸಂಜೆಯೊಳಗೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸಾಲು: ಏನೂ ಇಲ್ಲವಂತೆ, ದೇವರು ದೊಡ್ಡವನು. ಅಪ್ಪ ಮೂರು ತಿಂಗಳು ಮಾತ್ರೆ ಮುಟ್ಟಲಿಲ್ಲ. ದನಿ ಕ್ಷೀಣಿಸಿದ್ದರಿಂದ ಫೋನಿಗೆ ಬರುವುದನ್ನೂ ಬಿಟ್ಟರು.

ಈ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು. ಪಾರ್ಕಿನ್ಸನ್ ಇದ್ದವರ ಸಾಮಾನ್ಯ ಎಂಆರ್‌ಐ ಬಹುತೇಕ ಸರಿಯಾಗಿಯೇ ಕಾಣುತ್ತದೆ. ಅದು ಮನೆಯ ಗೋಡೆ, ಕಂಬ ತೋರಿಸುತ್ತದೆ; ಕರೆಂಟ್ ಹರಿಯುತ್ತಿದೆಯೋ ಇಲ್ಲವೋ ಹೇಳುವುದಿಲ್ಲ. ಪಾರ್ಶ್ವವಾಯು, ಗಡ್ಡೆ, ಮಿದುಳಿನಲ್ಲಿ ನೀರು ತುಂಬುವುದು ಇಂಥವು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅದನ್ನು ಮಾಡಿಸುವುದು.

ಕರೆಂಟ್ ನೋಡುವ ಸ್ಕ್ಯಾನ್ ಬೇರೆ ಇದೆ. ಚಲನೆಗೆ ಬೇಕಾದ ಡೋಪಮೈನ್ ತಯಾರಿಸುವ ನರಕೋಶಗಳು ಮಿದುಳಿನ ಬುಡದ ಹತ್ತಿರ ಒಂದು ಕಪ್ಪು ಪಟ್ಟಿಯಲ್ಲಿವೆ. ಅವುಗಳ ಉದ್ದನೆಯ ಎಳೆಗಳು ಮೇಲಿನ ಸ್ಟ್ರಯಾಟಮ್ ಎಂಬ ಭಾಗಕ್ಕೆ ಹೋಗುತ್ತವೆ. ಆ ಎಳೆಗಳ ತುದಿಗೆ ಅಂಟಿಕೊಳ್ಳುವ, ತುಸು ವಿಕಿರಣ ಸೂಸುವ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಕೆಲವು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಯುರೋಪಿನಲ್ಲಿ 2000ರಿಂದ, ಅಮೆರಿಕದಲ್ಲಿ 2011ರಿಂದ ಒಪ್ಪಿಗೆ ಪಡೆದಿರುವ ಡ್ಯಾಟ್‌ಸ್ಕ್ಯಾನ್ ಇದೇ. ನಮ್ಮೂರ ಕಡೆ ಟ್ರೋಡ್ಯಾಟ್ ಎಂಬ ಇನ್ನೊಂದು ಔಷಧಿ ಬಳಸುತ್ತಾರೆ. ಆರೋಗ್ಯವಂತರ ಚಿತ್ರದಲ್ಲಿ ಎರಡು ಅಲ್ಪವಿರಾಮ ಚಿಹ್ನೆಗಳು ಎದುರುಬದುರು ಹೊಳೆಯುತ್ತವೆ. ಪಾರ್ಕಿನ್ಸನ್‌ನಲ್ಲಿ ಮೊದಲು ಬಾಲ ಮಾಸುತ್ತದೆ, ಚುಕ್ಕಿ ಉಳಿಯುತ್ತದೆ. ಸಾಮಾನ್ಯವಾಗಿ ನಡುಗುವ ಕೈಯ ಎದುರು ಬದಿಯಲ್ಲಿ ಇದು ಹೆಚ್ಚು.

ಎಲ್ಲರಿಗೂ ಇದು ಬೇಕಿಲ್ಲ. ಅಪ್ಪನಿಗೆ ಬೇಕಾದದ್ದು ಯಾಕೆಂದರೆ ಅವರು ತಲೆಸುತ್ತಿಗೆಂದು ವರ್ಷಗಟ್ಟಲೆ ಸಿನ್ನರಿಜಿನ್ ನುಂಗುತ್ತಿದ್ದರು. ಆ ಮಾತ್ರೆಯೂ, ವಾಂತಿಯ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಥೇಟ್ ಪಾರ್ಕಿನ್ಸನ್ ಲಕ್ಷಣಗಳನ್ನೇ ತರಬಲ್ಲವು. ಮಾತ್ರೆಯಿಂದಷ್ಟೇ ಬಂದದ್ದಾದರೆ ಸಾಮಾನ್ಯವಾಗಿ ಅಲ್ಪವಿರಾಮ ಹಾಗೇ ಇರುತ್ತದೆ. ಅಪ್ಪನದು ಇರಲಿಲ್ಲ. (ಊರಿಗೆ ಹೋದಾಗ ಮೊದಲು ಆ ಮಾತ್ರೆ ಡಬ್ಬಿ ತೆಗೆದು ಫೋಟೊ ಹೊಡೆದುಕೊಳ್ಳಿ. ಆದರೆ ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ.)

ಪ್ರತಿ ವರ್ಷ ಸ್ಕ್ಯಾನ್ ಮಾಡಿಸಿ ಕಾಯಿಲೆ ಎಷ್ಟು ಮುಂದುವರಿದಿದೆ ನೋಡೋಣ ಎಂದು ನಾನೇ ಹಟ ಹಿಡಿದೆ. ವೈದ್ಯರು ಒಪ್ಪಲಿಲ್ಲ. ಅವರ ಮಾತೇ ಸರಿ, ನನಗೂ ಗೊತ್ತಿತ್ತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 361 ಜನರಿಗೆ 40 ವಾರ ಲೆವೊಡೋಪಾ ಅಥವಾ ಹುಸಿ ಮಾತ್ರೆ ಕೊಟ್ಟಿದ್ದರು. ಲೆವೊಡೋಪಾ ತೆಗೆದುಕೊಂಡವರ ಚಲನೆ ಚೆನ್ನಾಗಿತ್ತು. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಅವರ ಚಿತ್ರಗಳೇ ಹೆಚ್ಚು ಮಂಕಾಗಿದ್ದವು! ಔಷಧಿಯೇ ಚಿತ್ರವನ್ನು ಬದಲಿಸಿತೇ ಎಂಬ ಚರ್ಚೆ ಬಹಳ ನಡೆಯಿತು. ಸಾವಿರಾರು ಜನರ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡುವ ನಮ್ಮಂಥವರಿಗೆ ಅವು ಬೇಕು. ಒಬ್ಬ ಅಪ್ಪನ ಹತ್ತು ತಿಂಗಳನ್ನು ಅಳೆಯಲು ಅಂಗಿ ಗುಂಡಿ ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ವಾಸಿ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಷ್ಟೇ ಕಂಡಿದ್ದರು.

ಹಾಗಾಗಿ ಶನಿವಾರದ ಕಾಲ್‌ನಲ್ಲಿ ನೀವೂ ನೋಡಿ: ಮುಖದ ಚಲನೆ, ದನಿ, ಕೈಬರಹ. ಅನುಮಾನ ಬಂದರೆ ಅವರ ಒಪ್ಪಿಗೆ ಪಡೆದು ನಡಿಗೆಯ ಪುಟ್ಟ ವಿಡಿಯೊ ತೆಗೆಸಿ ವೈದ್ಯರಿಗೆ ತೋರಿಸಿ. ಮಕ್ಕಳಿಗೂ ಹೇಳಿ. ಅರ್ಧ ಕನ್ನಡವನ್ನು ಮುಖಭಾವದಿಂದಲೇ ಅರ್ಥಮಾಡಿಕೊಳ್ಳುವ ಮಕ್ಕಳು ನಮ್ಮವು. ಮುಖವೂ ಅಲುಗದೆ ದನಿಯೂ ಕೇಳದಿದ್ದರೆ ಅವಕ್ಕೆ ತಾತನ ಕನ್ನಡವೇ ದೂರವಾಗುತ್ತದೆ. ತಾತನ ಮುಖದ ಸ್ನಾಯು ಬಿಗಿಯಾಗಿದೆ, ಕೋಪ ಅಲ್ಲ ಎಂದು ಹೇಳಿದ ದಿನ ಮಗಳು ನಿಟ್ಟುಸಿರು ಬಿಟ್ಟಳು.

ಈಗ ಅಪ್ಪನಿಗೆ ಮಾತ್ರೆ ಕೆಲಸ ಮಾಡುವ ಹೊತ್ತು ನೋಡಿಕೊಂಡು ಫೋನ್ ಮಾಡುತ್ತೇವೆ. ದಿನಾ ಜೋರಾಗಿ ಓದಿ ಎಂದು ಸ್ಪೀಚ್ ಥೆರಪಿಯವರು ಹೇಳಿದ್ದಾರೆ. ಆದ್ದರಿಂದ ಕಾಗುಣಿತ ಒಪ್ಪಿಸುವುದು ಈಗ ತಾತನ ಪಾಳಿ. "ಕೇಳಿಸ್ಲಿಲ್ಲ ತಾತ, ಇನ್ನೊಂದ್ಸಲ," ಎನ್ನುತ್ತಾಳೆ ಮೊಮ್ಮಗಳು, ಒಂಚೂರೂ ಮುಲಾಜಿಲ್ಲದೆ.