ಮೂಲಬಿಂದುವಿಗೊಂದು ಪ್ರದಕ್ಷಿಣೆ

ಪುಣೆ ಜಿಲ್ಲೆಯ ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿದೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳು ಈ ಊರಿನಲ್ಲಿ ತಂಗುತ್ತಾರೆ. ಗುಡಿಗೆ ಪ್ರದಕ್ಷಿಣೆ ಹಾಕುವವರಿಗೆ ತಾವು ರೇಖಾಗಣಿತದ ಪಾಠವೊಂದನ್ನು ನಡೆದು ತೋರಿಸುತ್ತಿದ್ದೇವೆ ಅನ್ನಿಸುವುದಿಲ್ಲ. ಆದರೆ ನಡುವೆ ಒಂದು ಬಿಂದು, ಅದರ ಸುತ್ತ ತಿರುಗುವಿಕೆ: ಪಾಠ ಅಷ್ಟೇ. ನಿರ್ದೇಶಾಂಕ ಸಮತಲದಲ್ಲಿ ಆ ನಡುಬಿಂದುವನ್ನು ಮರಾಠಿ ಪಠ್ಯ ‘ಆರಂಭಬಿಂದು’ ಎನ್ನುತ್ತದೆ, ಕನ್ನಡ ಪಠ್ಯ ‘ಮೂಲಬಿಂದು’.

ಈ ಪಾಠವನ್ನು ಮಕ್ಕಳಿಗೆ ಸೂತ್ರವಾಗಿಯೇ ಕೊಡುವುದು ರೂಢಿ. ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಬೇಕೇ? ಎರಡು ಅಂಕಿಗಳನ್ನು ಅದಲುಬದಲು ಮಾಡಿ, ಮೊದಲಿಗೆ ಬಂದದ್ದರ ಚಿಹ್ನೆ ಬದಲಿಸಿ. (4, 2) ಎಂಬುದು (−2, 4) ಆಗುತ್ತದೆ. ಉತ್ತರ ಸರಿ. ಆದರೆ ಯಾವ ಅಂಕಿಯ ಚಿಹ್ನೆ ಎಂಬುದು ಪರೀಕ್ಷೆ ಮುಗಿಯುತ್ತಲೇ ಮರೆತುಹೋಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತ್ರಿಕೋನವನ್ನು ಮೂಲಬಿಂದುವಿನ ಸುತ್ತ ತಿರುಗಿಸು ಎಂದರೆ ಎಷ್ಟೋ ಮಕ್ಕಳು ಅದನ್ನು ಇದ್ದಲ್ಲೇ ತಿರುಗಿಸುತ್ತಾರೆ. ಆಕೃತಿ ಓರೆಯಾಗುತ್ತದೆ, ಜಾಗ ಬಿಡುವುದಿಲ್ಲ. ಈ ಎರಡಕ್ಕೂ ಕನ್ನಡದಲ್ಲಿ ಬೇರೆಬೇರೆ ಹೆಸರುಗಳಿವೆ. ದೇವರ ಮುಂದೆ ನಿಂತಲ್ಲೇ ಸುತ್ತುವುದು ಆತ್ಮಪ್ರದಕ್ಷಿಣೆ. ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬರುವುದು ಪ್ರದಕ್ಷಿಣೆ. ಗುಡಿಯ ಕಾಲು ಸುತ್ತು ಮುಗಿಸಿದವರ ಮುಖವೂ ಕಾಲು ಸುತ್ತು ತಿರುಗಿರುತ್ತದೆ. ಮೂಲಬಿಂದುವಿನ ಸುತ್ತ ಹೊರಟ ತ್ರಿಕೋನಕ್ಕೂ ಆಗುವುದು ಇದೇ: ಜಾಗವೂ ಬದಲು, ಮುಖವೂ ಬದಲು.

ಗುಡಿಯ ಮಾತು ತರಗತಿಗೆ ಯಾಕೆ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ‘ಪ್ರದಕ್ಷಿಣ’ ಎನ್ನುವ ಮಾತು ಪಠ್ಯದೊಳಗೆ ಆಗಲೇ ಇದೆ. ಅದರ ಅರ್ಥವನ್ನಷ್ಟೇ ಹೊರಗೆ ನಿಲ್ಲಿಸಿದ್ದೇವೆ. ಗುಡಿ ಬೇಡವೆಂದರೆ ಕಣವಿದೆ. ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತಿನದು ಪುಟ್ಟ ಹೆಜ್ಜೆ, ಹೊರಗಿನದರದು ದೊಡ್ಡ ನಡಿಗೆ. ತಿರುಗಿದ ಕೋನ ಮಾತ್ರ ಎಲ್ಲಕ್ಕೂ ಒಂದೇ. ಮೇಟಿಯಿಂದ ಯಾವ ಎತ್ತಿನ ದೂರವೂ ಬದಲಾಗುವುದಿಲ್ಲ. ತಿರುಗುವಿಕೆಯ ನಿಯಮವೆಲ್ಲ ಇಷ್ಟರಲ್ಲೇ ಇದೆ.

ಆದ್ದರಿಂದ ಸೂತ್ರ ಕೊನೆಗೆ ಬರಲಿ. ಮೊದಲು ಅಂಗಳದಲ್ಲಿ ಎರಡು ಅಕ್ಷ ಎಳೆದು, ನಡುವೆ ಒಂದು ಕಲ್ಲಿಟ್ಟು, ಮೂರು ಮಕ್ಕಳು ಹಗ್ಗ ಹಿಡಿದು ತ್ರಿಕೋನವಾಗಿ ನಿಂತು ಕಾಲು ಸುತ್ತು ನಡೆಯಲಿ. (4, 2)ರಲ್ಲಿದ್ದ ಮಗು ತಾನು (−2, 4)ಕ್ಕೆ ಬಂದದ್ದನ್ನು ಎಣಿಸಿ ನೋಡಲಿ. ಚಿಹ್ನೆ ಯಾಕೆ ಬದಲಾಯಿತೆಂದು ಆ ಮಗುವಿಗೆ ಬಾಯಿಪಾಠ ಮಾಡಿಸಬೇಕಿಲ್ಲ: ಅದು ಬಲಗಡೆಯಿಂದ ಎಡಗಡೆಗೆ ನಡೆದು ಬಂದಿದೆ.