ಮುಚ್ಚಿಹೋದ ಗುಂಡಿಗಳ ದೂರು

ಮಲೆನಾಡಿನ ಸೆರಗಿನ ತಾಲ್ಲೂಕುಗಳಲ್ಲಿ 'ಗುಂಡಿ' ಎಂದೊಡನೆ ಯಾರಿಗಾದರೂ ನೆನಪಾಗುವುದು ಮಳೆಗಾಲ ಕಳೆದ ಮೇಲಿನ ರಸ್ತೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸಿನಲ್ಲಿ ಹೋಗಿಬರುವವರಿಗೆ ಗುಂಡಿ ಮುಚ್ಚಲಿಲ್ಲವೆಂಬ ದೂರು ಹೊಸದಲ್ಲ. ಆದರೆ ಇದೇ ಊರುಗಳ ಡಿಟಿಪಿ ಅಂಗಡಿಗಳಲ್ಲಿ, ಪತ್ರ ಬರಹಗಾರರ ಕೋಣೆಗಳಲ್ಲಿ, ಸಹಕಾರ ಸಂಘಗಳ ಕಚೇರಿಗಳಲ್ಲಿ ಕುಳಿತು ದಿನವಿಡೀ ಗಣಕಯಂತ್ರದ ಮುಂದೆ ಕಣ್ಣು ಸವೆಸುವವರ ದೂರು ಇದಕ್ಕೆ ನೇರ ವಿರುದ್ಧವಾದುದು. ಇದ್ದ ಗುಂಡಿಗಳನ್ನು ಯಾರೋ ಮುಚ್ಚಿಬಿಟ್ಟಿದ್ದಾರೆ ಎಂಬುದು ಅವರ ಅಳಲು. ನಗರದ ಓದುಗರಿಗೆ ಇದು ನಗುವ ವಿಷಯವೆನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಇದರಲ್ಲಿ ಅಷ್ಟೇನೂ ನಗುವಂಥದಿಲ್ಲ.

ಕಡತಗಳನ್ನು ತೆರೆಯುವ, ಹೆಸರಿಸುವ, ನಕಲು ಮಾಡುವ, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸುವ ತಂತ್ರಾಂಶಕ್ಕೆ ಫೈಲ್ ಮ್ಯಾನೇಜರ್ ಎನ್ನುತ್ತಾರೆ. ವಿಂಡೋಸ್ ಬಳಸುವವರಿಗೆ ಅದು 'ಎಕ್ಸ್‌ಪ್ಲೋರರ್' ಎಂಬ ಹೆಸರಿನಲ್ಲಿ ಪರಿಚಿತ. ಕಚೇರಿಯಲ್ಲಿ ಕಬ್ಬಿಣದ ಬೀರುವಿಗೆ ಇರುವ ಸ್ಥಾನವೇ ಗಣಕದಲ್ಲಿ ಇದಕ್ಕಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಬೀರುವಿನ ನೆತ್ತಿಯ ಮೇಲೆ ಒಂದು ಸಾಲು ಗುಂಡಿಗಳಿದ್ದವು: ಹಿಂದೆ, ಮುಂದೆ, ಮೇಲೆ, ಹುಡುಕು, ಫೋಲ್ಡರುಗಳು. ಬೇಕಾದವರು ಅದೇ ಸಾಲಿಗೆ ಕಟ್, ಕಾಪಿ, ಪೇಸ್ಟ್, ಡಿಲೀಟ್ ಗುಂಡಿಗಳನ್ನು ಸೇರಿಸಿಕೊಳ್ಳಬಹುದಿತ್ತು, ಚಿತ್ರದ ಪಕ್ಕ ಹೆಸರೂ ಕಾಣುವಂತೆ ಮಾಡಿಕೊಳ್ಳಬಹುದಿತ್ತು. ನಮ್ಮ ತಾಲ್ಲೂಕು ಕೇಂದ್ರಗಳ ಮೊದಲ ತಲೆಮಾರಿನ ಗಣಕ ನೌಕರರಲ್ಲಿ ಬಹುಮಂದಿ ಕೆಲಸ ಕಲಿತದ್ದು ಈ ಸಾಲಿನ ಮುಂದೆ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಕಂದಾಯ ಇಲಾಖೆಯ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದ್ದು ಇದೇ ವರ್ಷಗಳಲ್ಲಿ. ಕೈಬರಹದ ಪಹಣಿಯ ಕಾಲ ಮುಗಿದು, ಹದಿನೈದು ರೂಪಾಯಿ ಕೊಟ್ಟು ಮುದ್ರಿತ ಪ್ರತಿ ಪಡೆಯುವ ಕಾಲ ಬಂತು. ಆ ಬದಲಾವಣೆಯ ಹಿಂದೆಯೇ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಅರ್ಜಿ ಬರೆದುಕೊಡುವ, ಛಾಪಾಕಾಗದದ ಕರಾರು ಅಚ್ಚು ಮಾಡುವ, ಮದುವೆಯ ಕರೆಯೋಲೆ ಜೋಡಿಸುವ ಸಣ್ಣ ಅಂಗಡಿಗಳು ಬೆಳೆದವು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಯಾವುದೋ ಖಾಸಗಿ ತರಬೇತಿ ಕೇಂದ್ರದಲ್ಲಿ ಕೆಲವು ತಿಂಗಳು ಕಲಿತವರು. ಪರದೆಯ ಮೇಲಿನ ಇಂಗ್ಲಿಷ್ ಅವರಿಗೆ ಓದಿನ ಭಾಷೆಯಾಗಿರಲಿಲ್ಲ. ಗುಂಡಿ ಎಲ್ಲಿದೆ, ಯಾವ ಬಣ್ಣದ್ದು, ಒತ್ತಿದರೆ ಏನಾಗುತ್ತದೆ ಎಂಬ ಮೂರು ಸಂಗತಿಗಳೇ ಅವರ ವ್ಯಾಕರಣ.

ಆ ವ್ಯಾಕರಣದಿಂದ ಮೊದಲು ಕಿತ್ತುಹೋದದ್ದು 'ಮೇಲೆ' ಎಂಬ ಗುಂಡಿ. ಒಂದು ಫೋಲ್ಡರಿನೊಳಗೆ ಇಳಿದವರು ಅದರ ಹೊರಗಿನ ಫೋಲ್ಡರಿಗೆ ಹತ್ತಿಬರಲು ಇದ್ದ ಏಣಿ ಅದು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಅದು ಮಾಯವಾಯಿತು. ಮೆನು ಪಟ್ಟಿ ಅಡಗಿಕೊಂಡಿತು. ಬೇಕಾದ ಗುಂಡಿಗಳನ್ನು ಸಾಲಿಗೆ ಸೇರಿಸಿಕೊಳ್ಳುವ ಸ್ವಾತಂತ್ರ್ಯವೂ ಹೋಯಿತು. 2009ರ ವಿಂಡೋಸ್ 7 ಕೂಡ ಇದೇ ದಾರಿ ಹಿಡಿಯಿತು. ಕೀಲಿಮಣೆಯ ಬ್ಯಾಕ್‌ಸ್ಪೇಸ್ ಕೀಲಿಯ ಅರ್ಥವೇ ಬದಲಾದದ್ದು ಇನ್ನೂ ವಿಚಿತ್ರ. ಎಕ್ಸ್‌ಪಿಯಲ್ಲಿ ಅದನ್ನು ಒತ್ತಿದರೆ ಹೊರಗಿನ ಫೋಲ್ಡರಿಗೆ ಹೋಗುತ್ತಿತ್ತು. ವಿಸ್ತಾದ ನಂತರ ಈ ಮುಂಚೆ ನೋಡಿದ ಫೋಲ್ಡರಿಗೆ ಹೋಗತೊಡಗಿತು. ಕೀಲಿ ಅದೇ, ಬೆರಳು ಅದೇ, ತಲುಪುವ ಊರು ಮಾತ್ರ ಬೇರೆ.

2012ರಲ್ಲಿ ವಿಂಡೋಸ್ 8 'ಮೇಲೆ' ಗುಂಡಿಯನ್ನು ಮರಳಿ ತಂದಿತು, ಜತೆಗೆ 'ರಿಬ್ಬನ್' ಎಂಬ ಅಗಲವಾದ ಪಟ್ಟಿಯನ್ನೂ ತಂದಿತು. ಜನ ಅದಕ್ಕೆ ಒಗ್ಗಿಕೊಂಡರು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ರಿಬ್ಬನ್ನನ್ನೂ ತೆಗೆದುಹಾಕಿತು. ಅದರ ಜಾಗದಲ್ಲಿ ಬಂದದ್ದು ಹೆಸರಿಲ್ಲದ ಕೆಲವು ಪುಟ್ಟ ಚಿತ್ರಗಳ ತೆಳು ಸಾಲು. ಮೌಸಿನ ಬಲಗುಂಡಿ ಒತ್ತಿದಾಗ ತೆರೆಯುವ ಪಟ್ಟಿಯಲ್ಲೂ ಕಟ್, ಕಾಪಿ, ಪೇಸ್ಟ್, ಡಿಲೀಟ್ ಎಂಬ ಪದಗಳು ಹೋಗಿ ಚಿತ್ರಗಳು ಕುಳಿತವು. ಪರದೆಯ ಯಾವ ಭಾಗದಲ್ಲಿ ಒತ್ತಿದೆವು ಎಂಬುದನ್ನು ಅನುಸರಿಸಿ ಆ ಚಿತ್ರಗಳು ಒಮ್ಮೆ ಪಟ್ಟಿಯ ತಲೆಯಲ್ಲಿ, ಇನ್ನೊಮ್ಮೆ ಬುಡದಲ್ಲಿ ಕಾಣಿಸಿಕೊಳ್ಳುತ್ತವೆ. ಹಳೆಯ ಪಟ್ಟಿ ಬೇಕೆಂದರೆ 'ಇನ್ನಷ್ಟು ಆಯ್ಕೆ' ಎಂಬ ಇನ್ನೊಂದು ಬಾಗಿಲು ತಟ್ಟಬೇಕು. ಚಿತ್ರಗಳ ಕೆಳಗೆ ಮತ್ತೆ ಹೆಸರು ಬರೆಯುವ ಬುದ್ಧಿ ಬಂದದ್ದು 2024ರ ಪರಿಷ್ಕರಣೆಯಲ್ಲಿ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ಕಂಪನಿ 2025ರ ಅಕ್ಟೋಬರ್ 14ರಂದು ನಿಲ್ಲಿಸಿರುವುದರಿಂದ, ಹಳೆಯದರಲ್ಲೇ ಉಳಿಯುತ್ತೇವೆ ಎನ್ನುವವರಿಗೂ ಈಗ ದಾರಿ ಕಿರಿದಾಗಿದೆ.

ಇಷ್ಟಕ್ಕೂ ಇದರಿಂದ ಆಗುವ ನಷ್ಟವೇನು? ಹಣದ ಲೆಕ್ಕದಲ್ಲಿ ಬಹಳ ಸಣ್ಣದು. ಒಂದು ಕಡತ ಹುಡುಕಲು ಎರಡು ನಿಮಿಷ ಹೆಚ್ಚು, ತಪ್ಪು ಫೋಲ್ಡರಿಗೆ ಹೋದದ್ದನ್ನು ಮರಳಿ ತರಲು ಹತ್ತು ನಿಮಿಷ ಹೆಚ್ಚು. ಆದರೆ ಆ ಎರಡು ನಿಮಿಷ, ಹತ್ತು ನಿಮಿಷಗಳನ್ನು ಕಟಕಟೆಯ ಆಚೆ ನಿಂತವರು ತೆರುತ್ತಾರೆ. ಆನವಟ್ಟಿಯ ಕಡೆಯಿಂದಲೋ ಚಂದ್ರಗುತ್ತಿಯ ಕಡೆಯಿಂದಲೋ ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ಸಂಜೆಯ ಬಸ್ಸು ತಪ್ಪಿದರೆ ಅದು ನಾಳೆಯ ಕೂಲಿಯನ್ನೂ ನುಂಗುತ್ತದೆ. ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗುವಂಥದಲ್ಲ. ಹದಿನೈದು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಗುಮಾಸ್ತರೊಬ್ಬರು ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತವರೆಲ್ಲರ ಎದುರು ತಡಬಡಿಸುತ್ತಾರೆ. 'ಇವರಿಗೆ ಕಂಪ್ಯೂಟರ್ ಬರುವುದಿಲ್ಲ' ಎಂಬ ಮಾತು ಹಿಂದಿನಿಂದ ಕೇಳಿಬರುತ್ತದೆ. ಬಂದಿದ್ದ ವಿದ್ಯೆಯನ್ನು ರಾತ್ರೋರಾತ್ರಿ ಅನುಪಯುಕ್ತಗೊಳಿಸಿದವರು ಬೇರೆಯವರು. ಬಾರದೆಂಬ ಅಪವಾದ ಹೊರುವವರು ಇವರು.

ಸೊರಬದ ಗುಡಿಗಾರರ ಉದಾಹರಣೆ ಇಲ್ಲಿ ಸಲ್ಲುತ್ತದೆ. ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಮನೆತನಗಳಲ್ಲಿ ಉಳಿಗಳನ್ನು ಕುಶಲಕರ್ಮಿಯ ಕೈಗೆ ಎಟುಕುವಂತೆ ಜೋಡಿಸಿಡುತ್ತಾರೆ. ಕೆತ್ತುವವರ ಕಣ್ಣು ಮರದ ಮೇಲಿರುತ್ತದೆ, ಕೈ ತಾನಾಗಿ ಬೇಕಾದ ಉಳಿಯನ್ನು ಎತ್ತಿಕೊಳ್ಳುತ್ತದೆ. ಉಳಿ ಮಾಡಿಕೊಟ್ಟ ಕಮ್ಮಾರ ಒಂದು ರಾತ್ರಿ ಬಂದು, ನೀವು ಹೆಚ್ಚು ಬಳಸುತ್ತಿರಲಿಲ್ಲ ಎಂದು ಮೂರು ಉಳಿಗಳನ್ನು ಒಯ್ದು, ಉಳಿದವನ್ನು ತನಗೆ ಅಂದವಾಗಿ ಕಂಡಂತೆ ಜೋಡಿಸಿ ಹೋದರೆ ಆ ಕಮ್ಮಾರನಿಗೆ ಏನೆನ್ನಬೇಕು? ಗಣಕದ ವಿಷಯದಲ್ಲಿ ಮಾತ್ರ ಇದನ್ನು ನಾವು 'ಸುಧಾರಣೆ' ಎಂದು ಒಪ್ಪಿಕೊಂಡು ಸುಮ್ಮನಾಗುತ್ತೇವೆ.

ತಂತ್ರಾಂಶ ರೂಪಿಸುವವರ ವಾದವನ್ನೂ ಕೇಳಬೇಕಾದದ್ದು ನ್ಯಾಯ. ಗುಂಡಿಗಳು ಹೆಚ್ಚಾದಷ್ಟೂ ಹೊಸಬರು ಬೆದರುತ್ತಾರೆ; ಪರದೆಯನ್ನು ಬೆರಳಿನಿಂದ ಮುಟ್ಟಿ ಕೆಲಸ ಮಾಡುವ ಕಾಲದಲ್ಲಿ ಹಳೆಯ ಸಣ್ಣ ಗುಂಡಿಗಳು ನಡೆಯುವುದಿಲ್ಲ; ಬಳಕೆಯಲ್ಲಿಲ್ಲದ್ದನ್ನು ತೆಗೆದರೆ ಬಳಕೆಯಲ್ಲಿರುವುದು ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ ಅವರು. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅವರದೇ ಲೆಕ್ಕ ಏನು ಹೇಳುತ್ತದೆ ನೋಡಿ. 2011ರಲ್ಲಿ ವಿಂಡೋಸ್ 8 ಸಿದ್ಧವಾಗುತ್ತಿದ್ದಾಗ ಮೈಕ್ರೋಸಾಫ್ಟ್ ಎಂಜಿನಿಯರುಗಳು ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ, ಎಕ್ಸ್‌ಪ್ಲೋರರಿನಲ್ಲಿ ಜನ ಮಾಡುವ ಕೆಲಸಗಳಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಕೇವಲ ಹತ್ತು ಆಜ್ಞೆಗಳದ್ದು. ಆ ಹತ್ತರಲ್ಲಿ ಅಂದಿನ ಗುಂಡಿಸಾಲಿನಲ್ಲಿ ಇದ್ದದ್ದು ಎರಡೇ ಎರಡು! ಅಂದರೆ ಜನರಿಗೆ ನಿತ್ಯ ಬೇಕಾದದ್ದನ್ನೇ ಸಾಲಿನಿಂದ ಹೊರಗಿಡಲಾಗಿತ್ತು ಎಂಬುದನ್ನು ಅವರೇ ಒಪ್ಪಿಕೊಂಡರು. ಹೀಗೆ ಎಣಿಸಿ ತಿದ್ದಿಕೊಂಡವರೇ ಹತ್ತು ವರ್ಷಗಳಲ್ಲಿ ಆ ತಿದ್ದುಪಡಿಯನ್ನೂ ಕಿತ್ತುಹಾಕಿದರೆ, ಸರಳತೆಯ ವಾದವನ್ನು ಎಷ್ಟರ ಮಟ್ಟಿಗೆ ನಂಬುವುದು?

ಇದು ಒಂದು ಕಂಪನಿಯ ದೋಷವಷ್ಟೇ ಎಂದೂ ಭಾವಿಸಬೇಕಿಲ್ಲ. ಮುಕ್ತ ತಂತ್ರಾಂಶದ ಲೋಕದಲ್ಲೂ ಇದೇ ನಡೆದಿದೆ. ಲಿನಕ್ಸ್ ಬಳಕೆದಾರರಲ್ಲಿ ಜನಪ್ರಿಯವಾದ ಗ್ನೋಮ್ ಪರಿಸರದ ಫೈಲ್ ಮ್ಯಾನೇಜರ್ ನಾಟಿಲಸ್, 2012ರ ತನ್ನ 3.6ನೇ ಆವೃತ್ತಿಯಲ್ಲಿ ಪರದೆಯನ್ನು ಎರಡಾಗಿ ಸೀಳಿ ಎರಡು ಫೋಲ್ಡರುಗಳನ್ನು ಅಕ್ಕಪಕ್ಕ ನೋಡುವ ಸೌಲಭ್ಯವನ್ನೂ ಇನ್ನೂ ಕೆಲವನ್ನೂ ತೆಗೆದುಹಾಕಿತು. ವ್ಯತ್ಯಾಸವಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಒಪ್ಪದ ಲಿನಕ್ಸ್ ಮಿಂಟ್ ತಂಡದವರು ಹಳೆಯ ಆಕರ ಸಂಕೇತವನ್ನೇ ಎತ್ತಿಕೊಂಡು 'ನೆಮೊ' ಎಂಬ ಹೆಸರಿನಲ್ಲಿ ಕಳೆದುಹೋದುದನ್ನು ಉಳಿಸಿಕೊಂಡರು. ನೆರೆಯ ಕೇರಳದ ಸರ್ಕಾರಿ ಶಾಲೆಗಳು, ಅವುಗಳೊಡನೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ, ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆಯೇ ಗಣಕ ಕಲಿಸುತ್ತಿವೆ. ಅಲ್ಲಿ ಯಾವ ಆವೃತ್ತಿ, ಯಾವಾಗ ಎಂಬುದನ್ನು ನಿರ್ಧರಿಸುವುದು ರಾಜ್ಯದ ಸಂಸ್ಥೆಯೇ. ತೆಗೆದದ್ದನ್ನು ಮರಳಿ ಕೂಡಿಸಿಕೊಳ್ಳುವ ಹಕ್ಕು ಬಳಸುವವರ ಕೈಯಲ್ಲಿದ್ದರೆ ಗೊಣಗಾಟ ಗೊಣಗಾಟವಾಗಿಯೇ ಕೊನೆಗೊಳ್ಳಬೇಕಿಲ್ಲ.

ಬದಲಾವಣೆಯನ್ನು ಮರ್ಯಾದೆಯಿಂದ ಮಾಡುವುದು ಹೇಗೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕನ್ನಡದ ಗಣಕ ಬರವಣಿಗೆ ಹಳೆಯ ಫಾಂಟ್ ಸಂಕೇತಗಳಿಂದ ಯುನಿಕೋಡಿಗೆ ದಾಟಿದ್ದು ಸಣ್ಣ ಪಲ್ಲಟವೇನಲ್ಲ. ಒಳಗಿನ ಸಂಕೇತವ್ಯವಸ್ಥೆಯೇ ಪೂರ್ತಿ ಬೇರೆಯಾಯಿತು. ಆದರೂ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ 'ನುಡಿ' ಬಳಕೆಗೆ ತಂದ ಕೀಲಿಮಣೆ ವಿನ್ಯಾಸ ಹಾಗೆಯೇ ಉಳಿಯಿತು. ಕಡತ ತೆರೆದಾಗ ಅಕ್ಷರ ಚೆಲ್ಲಾಪಿಲ್ಲಿಯಾದ ತೊಂದರೆ ಇದ್ದೇ ಇತ್ತು. ಆದರೆ ಬೆರಳಚ್ಚು ಮಾಡುವವರು ಬೆರಳುಗಳಿಗೆ ಹೊಸ ಪಾಠ ಹೇಳಿಕೊಡಬೇಕಾಗಲಿಲ್ಲ.

ಇನ್ನೂ ಹಳೆಯ ನಿದರ್ಶನ ಶಿಕಾರಿಪುರ ತಾಲ್ಲೂಕಿನದೇ ಇದೆ. ಕದಂಬ ಮಯೂರಶರ್ಮನ ವೃತ್ತಾಂತವನ್ನು ಹೇಳುವ ತಾಳಗುಂದದ ಸ್ತಂಭಶಾಸನಕ್ಕೆ ವಿದ್ವಾಂಸರ ನಡುವೆ ಒಂದು ಚಿಕ್ಕ ವಿಳಾಸವಿದೆ: ಶಿಕಾರಿಪುರ 176. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟ ಕೊಟ್ಟ ಸಂಖ್ಯೆ ಅದು. ಸೊರಬ ತಾಲ್ಲೂಕಿನ ಶಾಸನಗಳು 1904ರ 8ನೇ ಸಂಪುಟದಲ್ಲಿವೆ. ಶತಮಾನ ಕಳೆದರೂ ಆ ಸಂಖ್ಯೆ ಹಿಡಿದು ಹೋದವರಿಗೆ ಅದೇ ಶಾಸನ ಸಿಗುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಬೇರೆ ಜಿಲ್ಲೆಗಳ ಪರಿಷ್ಕೃತ ಸಂಪುಟಗಳನ್ನು ತಂದಾಗ ಹೊಸ ಸಂಖ್ಯೆಗಳನ್ನು ಕೊಟ್ಟಿತು, ನಿಜ. ಅವುಗಳ ಜತೆಯಲ್ಲಿ ರೈಸ್ ಕೊಟ್ಟ ಹಳೆಯ ಸಂಖ್ಯೆಯನ್ನೂ ಅಚ್ಚು ಮಾಡಿತು. ಹಳೆಯ ದಾರಿ ಬಲ್ಲವರು ಹೊಸ ಮನೆಯಲ್ಲಿ ದಿಕ್ಕು ತಪ್ಪಬಾರದೆಂಬ ಈ ಕಾಳಜಿಯೇ ತಂತ್ರಾಂಶ ಲೋಕದಲ್ಲಿ ಕಾಣೆಯಾಗಿರುವುದು.

ಹಾಗಾದರೆ ಮಾಡಬೇಕಾದುದೇನು? ಶಿರಾಳಕೊಪ್ಪದ ಒಬ್ಬ ಅಂಗಡಿಯವರು ಬಹುರಾಷ್ಟ್ರೀಯ ಕಂಪನಿಗೆ ಷರತ್ತು ವಿಧಿಸಲಾರರು. ಸರ್ಕಾರ ವಿಧಿಸಬಲ್ಲದು. ಸಾವಿರಾರು ಕಚೇರಿಗಳಿಗೆ ಗಣಕ, ತಂತ್ರಾಂಶಗಳನ್ನು ಕೊಳ್ಳುವ ರಾಜ್ಯ ಸರ್ಕಾರ ಸಣ್ಣ ಗಿರಾಕಿಯಲ್ಲ. ಖರೀದಿಯ ಕರಾರಿನಲ್ಲಿ ಮೂರು ಮಾತು ಸೇರಿಸಿದರೆ ಸಾಕು. ಹೊಸ ರೂಪ ಬಂದ ಮೇಲೂ ಹಳೆಯ ಗುಂಡಿಸಾಲನ್ನು ಬೇಕಾದವರು ಇಟ್ಟುಕೊಳ್ಳುವ ಅವಕಾಶ ಕೆಲವು ವರ್ಷಗಳಾದರೂ ಇರಬೇಕು. ಚಿತ್ರದೊಡನೆ ಹೆಸರು, ಅದೂ ಕನ್ನಡದಲ್ಲಿ, ಇರಬೇಕು; ಕನ್ನಡದ ಭಾಷಾ ಪ್ಯಾಕ್ ಲಭ್ಯವಿದ್ದರೂ ಕಚೇರಿಗಳಲ್ಲಿ ಅದನ್ನು ಅಳವಡಿಸುವ ಗೋಜಿಗೆ ಹೋಗುವವರು ವಿರಳ. ಆವೃತ್ತಿ ಬದಲಿಸುವ ಮುನ್ನ ನೌಕರರಿಗೆ ಒಂದು ದಿನದ ತರಬೇತಿ ನಡೆಯಬೇಕು, ಹಳೆಯದು ಎಲ್ಲಿತ್ತು, ಹೊಸದು ಎಲ್ಲಿದೆ ಎಂದು ತೋರಿಸುವ ಒಂದು ಪುಟದ ಕನ್ನಡ ಕೈಪಿಡಿ ಕೈಸೇರಬೇಕು. ಇವಾವುವೂ ಬೊಕ್ಕಸ ಬರಿದು ಮಾಡುವ ಬೇಡಿಕೆಗಳಲ್ಲ.

ಅಲ್ಲಿಯವರೆಗೆ ನೊಂದವರು ಮಾಡಿಕೊಳ್ಳಬಹುದಾದ ಉಪಾಯವೂ ಇದೆ. ಗುಂಡಿಗಳಿಗಿಂತ ಕೀಲಿಗಳಿಗೆ ಆಯುಷ್ಯ ಹೆಚ್ಚು. ಆಲ್ಟ್ ಕೀಲಿಯೊಡನೆ ಮೇಲ್ಮುಖದ ಬಾಣ ಒತ್ತಿದರೆ ಹೊರಗಿನ ಫೋಲ್ಡರಿಗೆ ಹೋಗುವುದು ವಿಸ್ತಾದಲ್ಲೂ ನಡೆಯುತ್ತಿತ್ತು, ಇಂದಿಗೂ ನಡೆಯುತ್ತದೆ. ಕಂಟ್ರೋಲ್ ಕೀಲಿಯೊಡನೆ ಸಿ, ಎಕ್ಸ್, ವಿ ಎಂಬ ಹಳೆಯ ತ್ರಿವಳಿಯೂ ಉಳಿದುಕೊಂಡಿದೆ. ತರಬೇತಿ ಕೇಂದ್ರಗಳು ಇವನ್ನು ಮೊದಲ ವಾರವೇ ಕಲಿಸುವುದು ಒಳ್ಳೆಯದು. ಆದರೆ ಬ್ಯಾಕ್‌ಸ್ಪೇಸಿನ ಅರ್ಥವನ್ನೇ ಬದಲಿಸಿದವರು ಮುಂದೊಂದು ದಿನ ಇವುಗಳಿಗೂ ಕೈ ಹಾಕುವುದಿಲ್ಲವೆಂದು ಹೇಳಬಲ್ಲವರು ಯಾರು? ಆದ್ದರಿಂದ ರಸ್ತೆಯ ಗುಂಡಿಯ ಬಗ್ಗೆ ಅರ್ಜಿ ಕೊಡುವ ಗಟ್ಟಿತನದಿಂದಲೇ ಪರದೆಯ ಗುಂಡಿಯ ಬಗ್ಗೆಯೂ ಬರೆಯೋಣ. 'ಮೇಲೆ' ಗುಂಡಿ ಐದು ವರ್ಷ ತಡವಾಗಿಯಾದರೂ ಮರಳಿತು, ಚಿತ್ರಗಳ ಕೆಳಗೆ ಹೆಸರು ಮೂರು ವರ್ಷ ತಡವಾಗಿ ಬಂತು. ದೂರು ಕೊಟ್ಟವರಿದ್ದುದರಿಂದಲೇ ಅವು ಬಂದವು. ಆ ದೂರಿನಲ್ಲಿ ಸೊರಬದ, ಶಿಕಾರಿಪುರದ ದನಿಯೂ ಸೇರಬೇಕಾದರೆ ಅದನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುವ ಒಂದು ಅಧಿಕೃತ ವ್ಯವಸ್ಥೆ ಬೇಕು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಆದೇಶ ಹೊರಡಿಸುವ ಸರ್ಕಾರ ಆ ಆಡಳಿತ ನಡೆಯುವ ಪರದೆಯ ಹೊಣೆಯನ್ನೂ ಹೊರಲಿ.